ಸಣ್ಣ ಬಾಯಿಯ ತಬಲಾ

"ಪೇಟಿ ಮಾರಾಕ ತಂದೀನಿ, ಚಾಚಾ."

ಗೀತಾಂಜಲಿ ಹೇಳಿದ್ದು ವಾದ್ಯ ರಿಪೇರಿ ಮಾಡುವ ಅಬ್ದುಲ್ ವಹಾಬರಿಗೆ. ಆದರೆ ಬೆಚ್ಚಿ ತಲೆಯೆತ್ತಿದವನು ಅಂಗಡಿಯ ಮೂಲೆಯಲ್ಲಿ ಕೂತಿದ್ದ ಇನ್ನೊಬ್ಬ.

ಗುರುಬಸವರಾಜ!

ಒಂಬತ್ತು ವರ್ಷ... ಕಿವಿಯ ಪಕ್ಕ ಕೂದಲು ಬೆಳ್ಳಗಾಗಿದೆ. ಮೋಟಾರ್ ವೈಂಡಿಂಗ್ ಮಾಡುವ ಆ ಬೆರಳುಗಳು ಮಾತ್ರ ಹಾಗೇ ಇವೆ, ತುದಿಯಲ್ಲಿ ಕಪ್ಪು.

'ಇವತ್ತೇ ಬರಬೇಕಿತ್ತಾ ನಾನು? ಅದೂ ಈ ಮುಖ ಹೊತ್ತುಕೊಂಡು?'

ತಾಲೂಕಿನದೇ ಹಳ್ಳಿ ಅರಸೀಕೆರೆಯ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ, ಬಸ್ಸಿನಲ್ಲಿ ನಿಂತೇ ಹರಪನಹಳ್ಳಿಗೆ ಬಂದು, ಮನೆಯಿಂದ ಆಟೋದಲ್ಲಿ ಹಾರ್ಮೋನಿಯಂ ಪೇಟಿ ಹೇರಿಕೊಂಡು ನೇರ ಇಲ್ಲಿಗೆ ಬಂದಿದ್ದಳು. ಸೀರೆಗಿನ್ನೂ ಸ್ಪಿರಿಟ್ಟಿನ ವಾಸನೆ.

"ಆರಾಮ ಅದೀರೇನ್ರಿ?" ಅವನೇ ಕೇಳಿದ.

"ಹೂಂ. ನೀವು?"

"ಅದೀನಿ."

ಅಷ್ಟೇ. ಒಂದು ಕಾಲದಲ್ಲಿ ಮಠದ ಭಜನೆಗೆ ಸೇರುವ ಸೋಮವಾರ ಸಂಜೆಯೆಲ್ಲ ಮುಗಿಯದ ಮಾತು, ಇವತ್ತು ಮೂರು ಸಾಲಿಗೆ ತೀರಿಹೋಯಿತು.

ವಹಾಬ ಚಾಚಾ ಪೇಟಿಯ ಮುಚ್ಚಳ ತೆಗೆದವರೇ, ಒಳಗಿಂದ ಓಡಿದ ಜಿರಳೆಗಳನ್ನು ಕಂಡು ಹುಬ್ಬು ಹಾರಿಸಿದರು.

"ಯಾ ಅಲ್ಲಾ! ಏನವಾ ಇದು, ಪೇಟಿಯೋ ಜೊಂಡಿಗ್ಯಾನ ಛತ್ರಾನೋ?"

ಗೀತಾಂಜಲಿಗೆ ನಗು ಬರಲಿಲ್ಲ. ಅಪ್ಪನಿಗೆ ಲಕ್ವ ಹೊಡೆದ ದಿನ ಮಂಚದ ಕೆಳಗೆ ತಳ್ಳಿದ ಪೇಟಿ ಅದು. ಎಂಟೂವರೆ ವರ್ಷ ಅವರ ಶುಶ್ರೂಷೆ, ತಂಗಿಯ ಮದುವೆ, ತಮ್ಮನ ಓದು, ಮುಗಿಯದ ಪಾಳಿ... ಆರು ತಿಂಗಳ ಹಿಂದೆ ಅಪ್ಪ ಹೋದರು. ಮಂಚ ಎತ್ತಿದಾಗ ಇದು ಕಣ್ಣಿಗೆ ಬಿತ್ತು. ಈಗ ಸಂಜೆಗಳು ಖಾಲಿ. ಆದರೆ ಎದುರಿಗೆ ಇಟ್ಟುಕೊಂಡು ಕೂತರೆ ಕೈಯೇ ಏಳುತ್ತಿರಲಿಲ್ಲ. ನೋಡಿದಷ್ಟೂ ಇನ್ನೊಂದು ಕೆಲಸ ಬಾಕಿ ಉಳಿದಂತೆ ಅನಿಸುತ್ತಿತ್ತು.

ಚಾಚಾ ಧೂಳು ಊದಿದರು, ಸಿಕ್ಕಿಕೊಂಡಿದ್ದ ಎರಡು ರೀಡ್ ಬಿಡಿಸಿದರು.

"ಇದರ ಜೀವ ಗಟ್ಟಿ ಐತಿ. ಒಂದ್ಸಲ ನುಡಸವಾ, ಆಮ್ಯಾಲ ಮಾರೂವಂತಿ."

"ನಂಗ ಬರಂಗಿಲ್ಲ ಈಗ."

"ಚಲೋ ಆತು ಬಿಡು! ಒಬ್ಬರಿಗೆ ಪೇಟಿ ಐತಿ, ನುಡಸಂಗಿಲ್ಲ. ಇನ್ನೊಬ್ಬ ಇವನ ನೋಡು. ವರ್ಷಾ ವರ್ಷಾ ಕೊಟ್ಟೂರಿಂದ ಬಸ್ ಹತ್ತಿ ಬಂದು ಈ ತಬಲಾಕ್ಕ ಹೊಸ ಚರ್ಮ ಹಾಕಿಸ್ತಾನ. ಯಾರ ಕೂಡ ನುಡಸ್ತೀಯೋ ಅಂದ್ರ ಬಾಯಿ ಬಿಡಂಗಿಲ್ಲ!"

"ಚಾಚಾ, ಸುಮ್ನಿರ್ರಿ..." ಗುರುಬಸವರಾಜನ ಮುಖ ಕೆಂಪಾಯಿತು.

"ನಾ ಸುಮ್ನಾದೆ. ಜುಮ್ಮಾ ನಮಾಜಿಗೆ ಹೊತ್ತಾತು. ಅಂಗಡಿ ನೋಡ್ಕೊಳ್ರಿ ಇಬ್ಬರೂ."

ಚಾಚಾ ಟೊಪ್ಪಿ ಹಾಕಿಕೊಂಡು ಹೊರಟರು.

ಆಗ ಅವಳು ಅವನ ಮಗ್ಗುಲಲ್ಲಿ ಹೊಸ ಚರ್ಮ ಹಾಕಿಸಿಕೊಂಡು ಸಿದ್ಧವಾಗಿದ್ದ ಆ ತಬಲಾ ನೋಡಿದಳು. ಸಣ್ಣ ಬಾಯಿ... ಮರದ ಅಂಚಿನಲ್ಲಿ ಚಿಕ್ಕ ಸೀಳು.

ಅದೇ ತಬಲಾ! ಪೇಟಿಯ ಕಪ್ಪು ಮನೆಗಳಲ್ಲಿ, ಅಂದರೆ ಕಪ್ಪು ಕೀಲಿಗಳಲ್ಲಿ, ನಾಲ್ಕನೆಯದು ಅವಳ ಶ್ರುತಿ. ಭಜನೆಯಲ್ಲಿ ಅಷ್ಟು ಏರಿಸಿ ಹಾಡುತ್ತಿದ್ದವಳು ಅವಳೊಬ್ಬಳೇ. ಸಣ್ಣ ಬಾಯಿಯ ಇದು ಅವಳಿಗೆ; ಗಂಡಸರ ತಗ್ಗಿನ ಶ್ರುತಿಗೆ ಅಗಲ ಬಾಯಿಯ ಬೇರೆ ತಬಲಾ ಇತ್ತು.

"ಇದನ್ನ ಬಿಸಾಕಿರಬೇಕು ಅಂದ್ಕೊಂಡಿದ್ದೆ," ಎಂದಳು.

"ಯಾಕ ಹಂಗಂತೀರಿ?"

"ನಾ ಬಂದಿದ್ದೆ... ಅಪ್ಪ ಬಿದ್ದ ಮ್ಯಾಲ ನಾಕನೇ ಸೋಮವಾರ. ಮಠದ ಬಾಗಲತನಕ. ನಿಮ್ಮ ಮುಂದ ಅಗಲ ಬಾಯಿದು ಇತ್ತು. ಇದು ಎಲ್ಲೂ ಇರಲಿಲ್ಲ. ಭಜನಿ ಹಾಡೂ ಓಬಣ್ಣಗ ನುಡಸಾಕ ಹತ್ತಿದ್ರಿ, ನಕ್ಕೋಂತ."

"ಮತ್ತ ಒಳಗ್ಯಾಕ ಬರಲಿಲ್ಲ?"

"ನಾ ಇಲ್ಲಂದ್ರೂ ನಡೀತೈತಿ ಅನಿಸ್ತು. ನನ್ನ ಜಾಗಾನ ತೆಗೆದುಬಿಟ್ಟಾರ ಅನಿಸ್ತು... ತಿರುಗಿ ಹೋದೆ."

ಗುರುಬಸವರಾಜ ತಬಲಾದ ಸೀಳಿನ ಮೇಲೆ ಬೆರಳಾಡಿಸಿದ.

"ಮಠದಾಗ ಇಟ್ಟಿದ್ರ ಯಾರಾದ್ರೂ ಇಳಿಸಿಬಿಡ್ತಿದ್ರು," ಎಂದ. "ನಿಮ್ಮ ಶ್ರುತಿಯಿಂದ. ಅದಕ್ಕ ಮನಿಗೆ ಒಯ್ದೆ. ಇವತ್ತು ಬರ್ತೀರಿ, ನಾಳೆ ಬರ್ತೀರಿ ಅಂತ... ಬರಲಿಲ್ಲ. ನಿಮಗ ನಮ್ಮ ನೆನಪು ಬ್ಯಾಡಾಗೈತಿ ಅಂತ ತಿಳ್ಕೊಂಡೆ. ಆಮ್ಯಾಲ ಕೊಟ್ಟೂರಾಗ ಅಂಗಡಿ ಹಾಕಿದೆ."

"ಮನಿಗೆ ಬಂದು ಒಂದು ಮಾತು ಕೇಳಬಾರದಿತ್ತಾ?"

"ಕೇಳಬೇಕಿತ್ತು. ಅಂಜಿದೆ." ತಲೆ ತಗ್ಗಿಸಿದ. "ತಪ್ಪು ನಂದ."

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಿಟ್ಟಿಗೂ ತ್ರಾಣ ಬೇಕಲ್ಲ... ಅವನು ಹೇಳಿದ್ದು ನಿಜವೋ, ಸಮಾಧಾನದ ಮಾತೋ? ತಿಳಿಯಲು ಒಂದೇ ದಾರಿಯಿತ್ತು.

ಪೇಟಿಯ ಮುಂದೆ ಕೂತಳು. ಎಡಗೈ ಗಾಳಿ ಒತ್ತಿತು, ಬಲಗೈ ಬೆರಳು ಹುಡುಕುತ್ತಾ ಹೋಗಿ ನಾಲ್ಕನೇ ಕಪ್ಪು ಮನೆಯ ಮೇಲೆ ನಿಂತಿತು.

ಒತ್ತಿದಳು.

ಅವನು ಶ್ರುತಿ ಸರಿಮಾಡುವ ಸುತ್ತಿಗೆ ಮುಟ್ಟಲಿಲ್ಲ. ತೋರುಬೆರಳಿನಿಂದ ತಬಲಾದ ಅಂಚಿಗೆ ಒಮ್ಮೆ ಹೊಡೆದ.

ಎರಡೂ ಒಂದೇ ನಾದ! ಕೂದಲೆಳೆಯಷ್ಟೂ ಅಂತರವಿಲ್ಲ!

ಅವಳ ಕಣ್ಣು ತುಂಬಿ ಬಂತು.

"ಒಂಬತ್ತು ವರ್ಷ... ಇದನ್ನ ಯಾರಿಗಂತ ಏರಿಸಿ ಇಟ್ರಿ?"

"ಕಪ್ಪು ನಾಕರಾಗ ಹಾಡಾಕಿ ನನಗ ಒಬ್ಬಾಕಿನ ಗೊತ್ತು, ಗೀತಾ." ಮೊದಲ ಬಾರಿ ಹೆಸರು ಹಿಡಿದು ಕರೆದಿದ್ದ. "ಆಕಿ ಮ್ಯಾಲ ನನಗ ಅವಾಗೂ ಜೀವ ಇತ್ತು, ಈಗೂ ಐತಿ."

ಅಷ್ಟರಲ್ಲಿ ಹೊರಗೆ ಚಪ್ಪಲಿ ಸದ್ದು. ಚಾಚಾ ಬಾಗಿಲಲ್ಲಿ ಇಣುಕಿದರು.

"ಏನವಾ, ಗಿರಾಕಿ ನೋಡ್ಲೇನು ಪೇಟಿಗೆ?"

ಗೀತಾಂಜಲಿ ಪೇಟಿಯನ್ನು ತನ್ನತ್ತ ಎಳೆದುಕೊಂಡಳು.

"ಬ್ಯಾಡ ಚಾಚಾ. ಇದು ನಂದು."

"ಹಂಗಾರ ನಾ ಚಾ ಹೇಳಿ ಬರ್ತೀನಿ. ಲಗೂನ ಬರಂಗಿಲ್ಲ ಮತ್ತ!" ನಗುತ್ತಾ ಚಾಚಾ ಮರೆಯಾದರು.

ಅವಳು ಕಣ್ಣೊರೆಸಿಕೊಂಡಳು. ಬೆರಳು ಎರಡು ಸ್ವರ ನಡೆದು ಮೂರನೆಯದಕ್ಕೆ ಎಡವಿತು. ಮತ್ತೆ ಮೊದಲಿನಿಂದ. ಮತ್ತೆ ಅಲ್ಲೇ ಎಡವಿತು.

"ಕೈ ಮರೆತೈತಿ. ದನಿ ಒಡೆದೈತಿ," ಎಂದಳು. "ಮತ್ತ... ನಾ ಭಾಳ ದಣದೀನಿ ರೀ."

"ಲಯ ನಿಧಾನ ಹಿಡೀತೀನಿ."

"ತಾಳ ತಪ್ಪಿದ್ರ?"

"ತಪ್ಪಲಿ. ನೀ ಬರೂತನಕ ಠೇಕಾ ನುಡಸೂದು ಬಿಡಂಗಿಲ್ಲ."

"ಈ ಸಲ ಬಾಗಲದಿಂದ ತಿರುಗಿ ಹೋಗಂಗಿಲ್ಲ ನಾನು."

"ಹೋದ್ರ ಮನಿತನಕ ಬಂದು ಕೇಳ್ತೀನಿ," ಎಂದು ಅವನು ತಬಲಾ ಮುಂದೆಳೆದುಕೊಂಡ.