ಅವ್ವನ ಕೈಗೆ ಏರದ ಬಳೆ

"ಕೈ ಸಡ್ಲ ಬಿಡವ್ವಾ ಶಿವಲೀಲಾ. ಹಿಂಗ ಬಿಗಿ ಹಿಡದ್ರ ಬಳಿ ಹೆಂಗ ಏರ್ತಾವ?" ಎಂದರು ಬಳೆಗಾರ ಮುರ್ತುಜಾಸಾಬರು.

"ಸಡ್ಲಾನ ಬಿಟ್ಟೀನ್ರಿ," ಎಂದು ಅವ್ವ ನಕ್ಕಳು.

ಅದು ಸುಳ್ಳು ನಗು. ಪಕ್ಕದಲ್ಲಿ ಕುಳಿತಿದ್ದ ಅಮೃತಾಗೆ ಅದು ಗೊತ್ತಿತ್ತು. ಅವ್ವನ ಕೈ ಅದಕ್ಕಿಂತ ಸಡಿಲ ಆಗುವುದೇ ಇಲ್ಲ.

ತಳಕಲ್ಲಿನ ಅಜ್ಜಿಯ ಮನೆಯ ಪಡಸಾಲೆ ತುಂಬ ಹೆಂಗಸರು. ಅವತ್ತು ಅನುಸೂಯಾ ಚಿಗವ್ವನ ಕುಬಸ, ಅಂದರೆ ಸೀಮಂತ. ಚಿಗವ್ವ ಅವ್ವನ ತಂಗಿ, ಏಳು ತಿಂಗಳ ಬಸುರಿ. ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕುಳಿತಿದ್ದಳು. ಆ ಮನೆಯ ಪದ್ಧತಿಯಂತೆ ಮೊದಲು ಅಕ್ಕ ಹಸಿರು ಬಳೆ ಇಡಿಸಿಕೊಳ್ಳಬೇಕು. ಆಮೇಲೆ ಅಕ್ಕನೇ ತನ್ನ ಕೈಯಾರೆ ತಂಗಿಗೆ ಮೊದಲ ಬಳೆ ಏರಿಸಬೇಕು. ಉಳಿದದ್ದು ಬಳೆಗಾರರ ಕೆಲಸ.

ಅವ್ವನಿಗೆ ಸ್ಕ್ಲೆರೋಡರ್ಮಾ ಅನ್ನುವ ಕಾಯಿಲೆ. ಶುರುವಾಗಿ ಎರಡು ವರ್ಷವಾಯಿತು. ಬೆರಳಿನ ಚರ್ಮ ದಪ್ಪಗಾಗಿ ಬಿಗಿದುಕೊಂಡಿದೆ. ಮುಷ್ಟಿ ಪೂರ್ತಿ ಮುಚ್ಚುವುದಿಲ್ಲ, ಅಂಗೈ ಪೂರ್ತಿ ತೆರೆಯುವುದಿಲ್ಲ. ಕುಷ್ಟಗಿಯ ಮನೆಯಲ್ಲಿ ಅಪ್ಪನಿಗೆ ಮತ್ತು ಅಮೃತಾಗೆ ಬಿಟ್ಟರೆ ಇದು ಯಾರಿಗೂ ಗೊತ್ತಿರಲಿಲ್ಲ.

ನಿನ್ನೆ ಬಸ್ಸಿನಲ್ಲಿ ಬರುವಾಗ ಅವ್ವ ಮಾತು ತೆಗೆದುಕೊಂಡಿದ್ದಳು. "ತವರುಮನ್ಯಾಗ ಬಾಯಿ ಬಿಡಬ್ಯಾಡ. ಅಂಟುಜಾಡ್ಯ ಅಂತ ತಿಳಕೊಂಡ್ರ ನನ್ನ ಅನುಸೂಯಾನ ಹತ್ರ ಕುಂದ್ರಾಕೂ ಬಿಡೂದಿಲ್ಲ. ಪ್ರಾಮಿಸ್ ಮಾಡು."

"ಪ್ರಾಮಿಸ್," ಎಂದಿದ್ದಳು ಅಮೃತಾ.

ಮುರ್ತುಜಾಸಾಬರು ದೊಡ್ಡ ಸೈಜಿನ ಬಳೆ ತೆಗೆದರು. ಅದೂ ಹೆಬ್ಬೆರಳಿನ ಬುಡದಲ್ಲಿ ನಿಂತುಬಿಟ್ಟಿತು.

"ಸಬಕಾರ ಹಚ್ಚರಿ," ಎಂದಳು ವಿರೂಪಾಕ್ಷಮ್ಮಜ್ಜಿ. ಅಜ್ಜಿ ಒಂದು ಮಾತು ಹೇಳಿದರೆ ಮುಗಿಯಿತು, ಆ ಮನೆಯ ಬೆಕ್ಕು ಕೂಡ ಎದುರಾಡುವುದಿಲ್ಲ. "ಕುಬಸದ ಮನ್ಯಾಗ ಬರಿಗೈಲೆ ಕುಂತ್ರ ಮಂದಿ ಏನಂದಾರು?"

ಯಾರೋ ಹಿತ್ತಲ ತೊಟ್ಟಿಯಿಂದ ತಂಬಿಗೆಯಲ್ಲಿ ನೀರು ತಂದರು. ಜನವರಿಯ ಮುಂಜಾನೆ, ನೀರು ಕೊರೆಯುತ್ತಿತ್ತು. ಅವ್ವ ಒಂದು ಕ್ಷಣ ತಡೆದಳು. ಆಮೇಲೆ ಸುಮ್ಮನೆ ಕೈ ಚಾಚಿದಳು.

ತಣ್ಣೀರು ಬಿದ್ದ ಬೆರಳುಗಳು ಮೊದಲು ಸುಣ್ಣದ ಹಾಗೆ ಬೆಳ್ಳಗಾದವು. ಆಮೇಲೆ ನೀಲಿಗಟ್ಟಿದವು. ಮುರ್ತುಜಾಸಾಬರ ಕಣ್ಣೆಲ್ಲ ಬಳೆಯ ಮೇಲೆ. ಅವರು ಸೋಪು ಹಚ್ಚಿ ಒತ್ತುತ್ತಲೇ ಇದ್ದರು.

ಅದು ಗಾಜಿನ ಬಳೆ. ಒಡೆದರೆ ಚುಚ್ಚುತ್ತದೆ. ಹೋದ ವರ್ಷ ದಾಳಿಂಬೆ ಗಿಡದ ಮುಳ್ಳು ತಾಗಿ ಅವ್ವನ ಬೆರಳಿಗೆ ಸಣ್ಣ ಗಾಯ ಆಗಿತ್ತು. ಅದು ಮಾಯಲು ನಾಲ್ಕು ತಿಂಗಳು ಹಿಡಿಯಿತು. ದಿನಾ ಪಟ್ಟಿ ಕಟ್ಟಿದವಳು ಅಮೃತಾಳೇ. "ಗಾಯ ಆಗದಂತೆ ನೋಡಿಕೊಳ್ಳೋದೇ ದೊಡ್ಡ ಔಷಧಿ," ಎಂದಿದ್ದರು ಕೊಪ್ಪಳದ ಡಾಕ್ಟರ್.

ಬಾಯಿ ಬಿಟ್ಟರೆ ಕೊಟ್ಟ ಮಾತು ಹೋಗುತ್ತದೆ. ಬಿಡದಿದ್ದರೆ ಅವ್ವನ ಕೈ ಹೋಗುತ್ತದೆ.

"ಬ್ಯಾಡ್ರೀ! ಬಿಡ್ರಿ!" ಅವಳು ಎದ್ದು ಬಳೆಗಾರರ ಕೈ ಹಿಡಿದಳು. "ಅವ್ವಗ ಆರಾಮಿಲ್ಲ. ಬಳಿ ಒಡದು ಚುಚ್ಚಿದ್ರ ಗಾಯ ಲಗೂನ ಮಾಯೂದಿಲ್ಲ."

"ಅಮೃತಾ!" ಎಂದು ಅವ್ವ ಗದರಿದಳು. ಅವಳ ಕಣ್ಣಲ್ಲಿ ನೀರು ತುಂಬಿತು.

ಮಗಳ ನೀಲಿ ಬೆರಳು ನೋಡಿ ಅಜ್ಜಿಗೆ ಗಾಬರಿಯಾಯಿತು. "ಯವ್ವಾ, ಇದೇನ ಇದು! ನಡಿ, ಒಲಿ ಮುಂದ ಕೈ ಹಿಡಿ."

"ಒಲಿ ಬ್ಯಾಡಜ್ಜಿ! ಈಗ ಆ ಬೆರಳಿಗೆ ಬಿಸಿ ತಿಳಿಯೂದಿಲ್ಲ, ಸುಟ್ಕೊಂಡುಬಿಡ್ತಾಳ. ಉಗುರುಬೆಚ್ಚಗಿನ ನೀರು ತರ್ರಿ."

ನೀರು ಬಂತು. ಅಮೃತಾ ಮೊದಲು ತನ್ನ ಮೊಣಕೈ ಅದ್ದಿ ನೋಡಿದಳು. ಬಿಸಿ ಜಾಸ್ತಿಯಾಗಿತ್ತು, ತಣ್ಣೀರು ಬೆರೆಸಿದಳು. ಆಮೇಲೆ ಅವ್ವನ ಕೈಗಳನ್ನು ಅದರಲ್ಲಿ ಇಟ್ಟಳು. ಹತ್ತು ವರ್ಷದ ಹುಡುಗಿ ಹೇಳಿದ್ದನ್ನು ದೊಡ್ಡವರೆಲ್ಲ ಕೇಳುತ್ತಿದ್ದರು. ಅಜ್ಜಿ ಕೂಡ!

"ಏನ ಬ್ಯಾನಿ ಇದು? ಅಂಟತೈತೇನು?" ಎಂದು ಹೆಂಗಸೊಬ್ಬಳು ಕೇಳಿಯೇಬಿಟ್ಟಳು.

ಅವ್ವ ತಲೆ ತಗ್ಗಿಸಿದಳು.

"ಇಲ್ರೀ. ದಿನಾ ಅವ್ವನ ಮಗ್ಗಲದಾಗ ನಾನ ಮಲಗ್ತೀನಿ. ನೋಡ್ರಿ ನನ್ನ ಕೈ." ಅಮೃತಾ ಹತ್ತೂ ಬೆರಳು ಅಗಲಿಸಿ ತೋರಿಸಿದಳು. "ನಮ್ಮ ಮೈಯೊಳಗ ರೋಗದ ಕೂಡ ಫೈಟ್ ಮಾಡೋ ಕಾವಲಗಾರ್ರು ಇರ್ತಾರಂತ. ಅವ್ವನ ಕಾವಲಗಾರ್ರು ತಪ್ಪು ತಿಳಕೊಂಡಾರ. ಅವ್ವನ ಚರ್ಮಾನ ವೈರಿ ಅಂತ ಅದರ ಮ್ಯಾಲ ಬಿದ್ದಾರ."

ಅಜ್ಜಿ ಬಗ್ಗಿ ಮಗಳ ಬೆರಳು ನೋಡಿದಳು. "ಅಂದ್ರ, ಬೇಲೀನ ಎದ್ದು ಹೊಲಾ ಮೇದಂಗ ಆತು."

"ಹೂಂ ಅಜ್ಜಿ, ಕರೆಕ್ಟ್!"

"ಆರಾಮ ಆಗ್ತೈತೋ ಇಲ್ಲೋ?"

ಇದಕ್ಕೆ ಅವ್ವನೇ ಉತ್ತರ ಕೊಟ್ಟಳು. "ಪೂರ್ತಿ ಹೋಗೂದಿಲ್ಲಂತ ಯವ್ವಾ. ಗುಳಿಗಿ ತಗೋತೀನಿ. ಕೈ ಬೆಚ್ಚಗ ಇಟ್ಕೋತೀನಿ. ದಿನಾ ಬೆರಳಿಗೆ ಎಕ್ಸರ್‌ಸೈಜ್ ಮಾಡ್ತೀನಿ. ಹಿಡತದಾಗ ಇಡಬಹುದು ಅಂದಾರ. ನಾ ಇಡ್ತೀನಿ." ನೀರಿನಲ್ಲಿ ಅವಳ ಬೆರಳು ಒಂದೊಂದಾಗಿ ಕೆಂಪಾಗುತ್ತಿದ್ದವು. ಅವಳು ಈಗ ಅವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ. "ಬಳಿ ಮಾತ್ರ ನನಗ ಬ್ಯಾಡ."

"ನಲವತ್ತು ವರ್ಷದಿಂದ ಮಂದಿ ಕೈ ಹಿಡೀತೀನಿ. ಇದು ನನಗ ತಿಳೀಲಿಲ್ಲ. ತಪ್ಪಾತವ್ವಾ," ಎಂದರು ಮುರ್ತುಜಾಸಾಬರು.

ಪಡಸಾಲೆಯಲ್ಲಿ ಗುಸುಗುಸು ಎದ್ದಿತು. ಒಬ್ಬಾಕೆ ಅಜ್ಜಿಯ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ, "ಬಸುರಿಗೆ ಮೊದಲ ಬಳಿ ಬ್ಯಾರೆ ಯಾರರ ಏರಸ್ಲಿ," ಎಂದಳು. ಅವ್ವ ಹೆದರಿದ್ದು ಇದಕ್ಕೇ. ಎಲ್ಲ ತನ್ನಿಂದಲೇ ಆಯಿತು ಅನ್ನಿಸಿತು ಅಮೃತಾಗೆ.

ಮಣೆಯ ಮೇಲಿದ್ದ ಚಿಗವ್ವ ಕೈ ಮುಂದೆ ಚಾಚಿದಳು. "ಅಕ್ಕಾ, ಬಾ. ಎಷ್ಟೊತ್ತು ಕಾಯಿಸ್ತಿ? ನನಗ ಹಸಿವ್ಯಾಗೈತಿ."

ಒಬ್ಬಿಬ್ಬರು ನಕ್ಕರು. ಅಜ್ಜಿ ಪಿಸುಮಾತಿನವಳ ಕಡೆ ತಿರುಗಿಯೂ ನೋಡಲಿಲ್ಲ. ತಾನೇ ಒಂದು ಹಸಿರು ಬಳೆ ಆರಿಸಿ ಅವ್ವನ ಕೈಗೆ ಕೊಟ್ಟಳು.

ಅವ್ವ ಕೈ ಒರೆಸಿಕೊಂಡು ತಂಗಿಯ ಮುಂದೆ ಕುಳಿತಳು. ಅವಳ ಬೆರಳುಗಳ ನಡುವೆ ಬಳೆ ನಿಲ್ಲಲಿಲ್ಲ, ಜಾರಿ ಚಿಗವ್ವನ ಮಡಿಲಿಗೆ ಬಿತ್ತು. ಮತ್ತೆ ಹಿಡಿದಳು. ಮತ್ತೆ ಜಾರಿತು.

ಅಮೃತಾ ತಟ್ಟನೆ ಎದ್ದಳು. ಅವಳ ಸಣ್ಣ ಬೆರಳಿಗೆ ಅದು ಒಂದು ಕ್ಷಣದ ಕೆಲಸ. ಅವ್ವ ತಲೆ ಎತ್ತಿ ಅವಳನ್ನು ನೋಡಿದಳು. ಬಳೆಯನ್ನು ಮತ್ತೆ ಕೈಗೆ ತೆಗೆದುಕೊಂಡಳು.

ಅಮೃತಾ ಕುಳಿತುಬಿಟ್ಟಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಳು.

"ಹೋಗಿ ಹಿಡಿಯಬಾರದೇನ ಹುಡುಗಿ?" ಎಂದಳು ಪಕ್ಕದಾಕೆ.

"ತಡೀರಿ," ಎಂದಳು ಅಮೃತಾ. "ಅವ್ವ ಏರಸ್ತಾಳ."

ಬಹಳ ಹೊತ್ತು ಹಿಡಿಯಿತು. ಅವ್ವ ಬಳೆಯನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ಸರಿಸಿದಳು. ಹಸಿರು ಬಳೆ ಚಿಗವ್ವನ ಗೆಣ್ಣು ದಾಟಿ ಮಣಿಕಟ್ಟಿಗೆ ಇಳಿಯಿತು.