ಎರಡು ಹೆಸರಿನ ಕಡ್ಡಿಹುಳು

ರಾಜ್ಯದ ಗಡಿಯಾಚೆ, ಕಾಡಂಚಿನ ಕಾಟ್ಟಿಕುಳಂನ ಚಹಾ ಅಂಗಡಿಯಲ್ಲಿ ಪ್ರೇಮಲತಾ ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ರಾಜನ್, ಗಂಡು ಸಿಕ್ತಾ?"

ಬೆಂಚಿನ ಮೇಲಿದ್ದವರು ಮುಸಿಮುಸಿ ನಗುತ್ತಿದ್ದರು. ಕಾಡಿನ ವಾಚರ್ ರಾಜನ್ ಲೋಟದ ಅಂಚಿನ ಮೇಲಿಂದ ಅವಳನ್ನೊಮ್ಮೆ ನೋಡಿ, "ಇಲ್ಲ ಟೀಚರೇ. ನಿಮ್ಗೆ ಒಪ್ಪುವಂಥದ್ದು ಈ ಕಾಡಲ್ಲೇ ಇಲ್ಲಾಂತ ಕಾಣ್ತದೆ," ಅನ್ನುತ್ತಿದ್ದ. ಆ ನೋಟಕ್ಕಾಗಿಯೇ ಅವಳು ಕೇಳುತ್ತಾಳೆಂಬುದು ಅಂಗಡಿಯವನಿಗೂ ಗೊತ್ತಿತ್ತು.

ಸಂಶೋಧನೆಗೆಂದು ಮೈಸೂರಿನಿಂದ ಬಂದು ಊರಿಗೆಲ್ಲ 'ಟೀಚರ್' ಆಗಿದ್ದ ಅವಳು ಹುಡುಕುತ್ತಿದ್ದದ್ದು ಕಡ್ಡಿಹುಳುವಿನ ಗಂಡನ್ನು. ರೆಕ್ಕೆಯಿಲ್ಲದ ಹಸಿರು ಹೆಣ್ಣು ಒಂದು ಕುಲದಲ್ಲಿ, ರೆಕ್ಕೆಯಿರುವ ಸಣ್ಣ ಕಂದು ಗಂಡು ಇನ್ನೊಂದು ಕುಲದಲ್ಲಿ: ನೂರು ವರ್ಷದ ಹಿಂದೆ ಯಾರೋ ಕೀಟತಜ್ಞರು ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು ಹಾಗೆ ಬರೆದಿಟ್ಟು ಹೋಗಿದ್ದರು. ಎರಡೂ ಒಂದೇ ಹುಳುವಿನ ಹೆಣ್ಣು-ಗಂಡು ಎಂಬುದು ಪ್ರೇಮಲತಾಳ ವಾದ. ಅದನ್ನು ತೋರಿಸಲು ಕೂಡಿರುವ ಜೋಡಿಯೊಂದು ಬೇಕು. ಹೆಣ್ಣುಗಳು ಬೇಕಾದಷ್ಟು ಸಿಕ್ಕಿದ್ದವು. ಗಂಡು ಮಾತ್ರ ಮ್ಯೂಸಿಯಂನಲ್ಲಿ ಒಣಗಿ ಪುಡಿಯಾದ ಒಂದೇ ಒಂದು; ಅದರಿಂದ ಡಿಎನ್‌ಎ ಕೂಡ ಸಿಕ್ಕಿರಲಿಲ್ಲ. ಮೂರು ವರ್ಷ ಹೀಗೇ ಕಳೆದಿತ್ತು. ಮಾರ್ಚಿನ ಕೊನೆಗೆ ಮೈಸೂರಿನಲ್ಲಿ ಪಿಎಚ್‌ಡಿ ಪ್ರಬಂಧ ಒಪ್ಪಿಸಬೇಕಿತ್ತು.

ಅದೇ ಮಾರ್ಚಿನಲ್ಲಿ ಕಾಡಿಗೆ ಬೆಂಕಿ ಬಿತ್ತು. ಹುಳುಗಳಿದ್ದ ಗುಡ್ಡ ಪೂರ್ತಿ ಸುಟ್ಟುಹೋಯಿತು. ಉರಿಯೊಳಗೆ ನುಗ್ಗಿದ ರಾಜನ್‌ನ ಎರಡೂ ಕೈ ಬೆಂದವು.

ಎರಡು ದಿನ ಊರಲ್ಲಿರದ ಪ್ರೇಮಲತಾ ಸುದ್ದಿ ಕೇಳಿ ಓಡಿ ಬಂದಾಗ ಅವನು ಆಸ್ಪತ್ರೆಯಿಂದ ಎದ್ದುಬಂದು ಬೂದಿಯ ನಡುವೆ ಕೂತಿದ್ದ.

"ಹುಳುಗೋಸ್ಕರ ಯಾರಾದ್ರೂ ಬೆಂಕಿಗೆ ಬೀಳ್ತಾರಾ? ಹುಚ್ಚಾ ನಿನಗೆ?" ಎಂದು ಬೈಯುತ್ತಲೇ ಅವಳು ಬ್ಯಾಂಡೇಜಿನ ಮೇಲೆ ಮೆಲ್ಲಗೆ ಊದಿದಳು. ಅವಳ ಬ್ಯಾಗಿನಲ್ಲಿ ಹತ್ತಿರದ ಮಾನಂತವಾಡಿಯ ಕಾಲೇಜೊಂದರ ಕೆಲಸದ ಆರ್ಡರ್ ಇತ್ತು. ಇಲ್ಲೇ, ನಿನ್ನ ಜೊತೆ ಉಳಿಯುತ್ತೇನೆ ಎಂದು ಇವತ್ತೇ ಹೇಳಬೇಕೆಂದಿದ್ದಳು.

ಅವನು ಕೈ ಹಿಂದಕ್ಕೆಳೆದುಕೊಂಡ.

"ಊದಬೇಡಿ ಟೀಚರೇ. ಗಂಡನ್ನ ನಾನು ಕಂಡಿದ್ದೆ. ನಾಕು ಸಲ. ಹೆಣ್ಣಿನ ಬೆನ್ನ ಮೇಲೇ ಕೂತಿತ್ತು."

ಅವಳಿಗೆ ಅರ್ಥವಾಗಲಿಲ್ಲ. "ಮತ್ತೆ?"

"ಬಿಡಿಸಿ ದೂರ ಬಿಟ್ಟೆ. ಕೊಟ್ರೆ ನಿಮ್ಮ ಕೆಲಸ ಮುಗೀತದೆ, ನೀವು ಹೋಗ್ತೀರಿ. ನಂಗೆ ನೀವು ಬೇಕಿತ್ತು. ಸತ್ಯಂ. ಮೊನ್ನೆ ಉರಿಯಲ್ಲಿ ಒಂದು ಜೋಡಿನಾದ್ರೂ ಉಳಿಸೋಣಾಂತ ಹೋದೆ. ಸಿಗ್ಲಿಲ್ಲ."

ಪ್ರೇಮಲತಾ ಬ್ಯಾಗನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಕೊಟ್ಟಿದ್ರೂ ನಾನು ಹೋಗ್ತಿರಲಿಲ್ಲ," ಎಂದಳು.

ಅವನು ತಲೆಯೆತ್ತಿದ. "ಈಗ?"

"ನಿನ್ನ ಮೇಲಿನ ಪ್ರೀತಿ ಹೋಗಿಲ್ಲ ರಾಜನ್. ಆದ್ರೆ ದಿನಾ ನಿನ್ನ ಮುಖ ನೋಡಿ ಕೇಳ್ತಿದ್ದೆ. ನೀನು ದಿನಾ ನಗ್ತಾ 'ಇಲ್ಲ' ಅಂದೆ. ಇನ್ಮೇಲೆ ಆ ಮುಖ ಏನು ಹೇಳಿದ್ರೂ ಹೇಗೆ ನಂಬಲಿ?"

ಬಾಟಲಿ ಹಿಡಿಯಲಾರದವನಿಗೆ ಅವಳೇ ನೀರು ಕುಡಿಸಿದಳು. ಗಲ್ಲಕ್ಕೆ ಇಳಿದದ್ದನ್ನು ದುಪಟ್ಟಾದಿಂದ ಒರೆಸಿದಳು. ಹಾಗೆ ಒರೆಸುವಾಗ ಅವಳಿಗೂ ಅಳು ತಡೆಯಲಾಗಲಿಲ್ಲ. ಆಮೇಲೆ ಎದ್ದು ಹೊರಟಳು.

ಮೈಸೂರಿನ ಬಸ್ಸು ಗಡಿಯ ಬಾವಲಿ ಊರನ್ನು ದಾಟಿದ ಮೇಲೆ ಪ್ರಬಂಧದ ಕರಡು ತೆಗೆದಳು. ಎರಡೂ ಒಂದೇ ಎಂದು ಈಗ ಅವಳಿಗೆ ಗೊತ್ತಿತ್ತು. ತೋರಿಸಲು ಏನೂ ಇರಲಿಲ್ಲ. 'ಜೋಡಿಯನ್ನು ಕಂಡವರು: ರಾಜನ್' ಎಂದು ಬರೆದಳು. ದಿನಾ 'ಇಲ್ಲ' ಎಂದವನ ಸಾಕ್ಷಿಯನ್ನು ಯಾರು ನಂಬುತ್ತಾರೆ ಎನಿಸಿ, ಹೊಡೆದುಹಾಕಿದಳು.

ಹೆಣ್ಣನ್ನು ಒಂದು ಕುಲದಲ್ಲಿ, ಗಂಡನ್ನು ಇನ್ನೊಂದರಲ್ಲಿ, ಬೇರೆ ಬೇರೆ ಪುಟಗಳಲ್ಲಿ ಬರೆದಳು.