ತಾತನ ಹೆಸರಿನ ಮನೆ

2025ರ ಫೆಬ್ರವರಿ ಹನ್ನೊಂದು, ಬೆಳಿಗ್ಗೆ ಹತ್ತೂವರೆ. ಕೊಯಮತ್ತೂರು ನಗರ ಅಪರಾಧ ವಿಭಾಗಕ್ಕೆ ಬಂದ ದೂರನ್ನು ಇನ್‌ಸ್ಪೆಕ್ಟರ್ ದೊರೈಸಾಮಿ ಎರಡು ಸಲ ಓದಿದರು. ಮೂವತ್ತಾರು ವರ್ಷದ ಹಿಂದೆ ತೀರಿಕೊಂಡ ತಂದೆ ಹೋದ ನವೆಂಬರಿನಲ್ಲಿ ಮನೆ ಮಾರಿದ್ದಾರಂತೆ. ಸತ್ತವರು ಇಷ್ಟು ಚುರುಕಾಗಿದ್ದರೆ ಈ ಊರಿನ ಗುಮಾಸ್ತರು ಅವರ ಹತ್ತಿರ ಪಾಠಕ್ಕೆ ಕೂರಬೇಕು ಎಂದುಕೊಂಡರು.

ದೂರು ತಂದವರು ವಾರಿಜಾಕ್ಷಿ, ಅರವತ್ತೆಂಟರ ನಿವೃತ್ತ ಗಣಿತ ಟೀಚರ್. ರಾಜವೀದಿಯ ಹಿಂದಿನ ಓಣಿಯ ಹಳೇ ಮನೆಯಲ್ಲಿ ಮಗಳು ಗೋಪಿಕಾಳ ಜೊತೆ ಇದ್ದುಕೊಂಡು, ಮುಂದಿನ ಹಾಲಿನಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದರು. ಹಿಂದಿನ ದಿನ ಯಾರೋ ಒಬ್ಬ ಜೆಸಿಬಿಯವನನ್ನು ಕರೆತಂದು ಗೋಡೆ ಅಳೆಸಿ, ಆಕೆಯ ತಂದೆಯ ಹೆಸರು ಹೇಳಿ, ಅವರಿಂದ ನವೆಂಬರಿನಲ್ಲೇ ಮನೆ ಕೊಂಡಿದ್ದೇನೆ, ತಿಂಗಳ ಕೊನೆಗೆ ಖಾಲಿ ಮಾಡಿ ಎಂದು ಹೋಗಿದ್ದ. ದೊರೈಸಾಮಿಯ ಮನೆಮಾತೂ ಕನ್ನಡವೇ ಎಂದು ತಿಳಿದದ್ದೇ ತಡ, ಆಕೆ ತಮಿಳು ಬಿಟ್ಟರು.

"ಯಾರೋ ಕಳ್ಳ ಅಪ್ಪನ ಪೇರಲ್ಲಿ ಕೈಯೆಳುತ್ತು, ಅದೇ ಸಹಿ, ಹಾಕಿದಾನೆ ಸಾರ್."

"ಪಟ್ಟಾ, ಮನೆ ತೆರಿಗೆ ಯಾರ ಹೆಸರಲ್ಲಿವೆ?"

"ಅಪ್ಪನ ಪೇರಲ್ಲೇ. ಎ. ವ್ಯಾಸರಾಯ."

"ಇಷ್ಟು ವರ್ಷ ಯಾಕೆ ಬದಲಾಯಿಸಲಿಲ್ಲ?"

"ಹೇಗೆ ಸಾರ್? ಅಪ್ಪನ ಪೇರನ್ನ ನಾವೇ ಅಳಿಸೋದಾ?"

ಬಾಗಿಲು ತೆಗೆದಿಟ್ಟು ಮಲಗುವುದಕ್ಕೆ ಪಿತೃಭಕ್ತಿ ಎಂದು ಹೆಸರಿಡುವ ಜನ. ಹಾಗೆಂದುಕೊಂಡು ದೊರೈಸಾಮಿ ಎಫ್‌ಐಆರ್ ಬರೆಯಲು ಹೆಡ್ ಕಾನ್‌ಸ್ಟೆಬಲ್ ಚಂದ್ರಾಗೆ ಸನ್ನೆ ಮಾಡಿದರು. ಆರೋಪಿಯ ಹೆಸರಿನ ಜಾಗದಲ್ಲಿ ಆಕೆ 'ಅಪರಿಚಿತ' ಎಂದು ಬರೆದಳು.

ಮಾರನೆಯ ದಿನ ನೋಂದಣಿ ಕಚೇರಿಯಲ್ಲಿ ಮನೆಯ ಪೂರ್ವಾಪರ ತೆಗೆಸಿದರು. 1961ರಲ್ಲಿ ಹತ್ತಿ ವ್ಯಾಪಾರಿ ಅಂಗಪ್ಪನ್ ಮಾರಿದ್ದು, ಅಕ್ಷೋಭ್ಯರ ಮಗ ವ್ಯಾಸರಾಯ ಕೊಂಡದ್ದು. ಆಮೇಲೆ ಅರವತ್ತು ವರ್ಷ ಸದ್ದಿಲ್ಲ. 2024ರ ನವೆಂಬರಿನಲ್ಲಿ ಅಕ್ಷೋಭ್ಯರ ಮಗ ವ್ಯಾಸರಾಯ ಮಾರಿದ್ದು, ವೆಳ್ಳಕೋಯಿಲ್‌ನ ದಂಡಪಾಣಿ ಕೊಂಡದ್ದು. ಮಾರಿದವನ ಫೋಟೋ, ಹೆಬ್ಬೆಟ್ಟು, ಆಧಾರ್ ಎಲ್ಲ ಇದ್ದವು. ವಿಳಾಸ ಮಾರಿದ ಮನೆಯದೇ. ಹುಟ್ಟಿದ ವರ್ಷ 1975.

ಕ್ರಯಪತ್ರ ಬರೆದ ವೆಂಕಟಾಚಲಂ ಕಚೇರಿಯ ಎದುರಿನ ಅಂಗಡಿಯಲ್ಲೇ ಸಿಕ್ಕ.

"ಹುಟ್ಟುವುದಕ್ಕೆ ಹದಿನಾಲ್ಕು ವರ್ಷ ಮೊದಲೇ ಮನೆ ಕೊಂಡವನನ್ನು ನೋಡಿ ನಿನಗೇನೂ ಅನ್ನಿಸಲಿಲ್ಲವಾ?"

"ಪೇರು ಸರಿಯಿತ್ತು ಸಾರ್. ಅಪ್ಪನ ಪೇರೂ ಸರಿ. ಮೂಲಪತ್ರವೂ ಕೈಯಲ್ಲೇ ಇತ್ತು."

"ವರ್ಷ?"

"ವರ್ಷ ಯಾರು ಸಾರ್ ನೋಡ್ತಾರೆ?"

ಯಾರೂ ನೋಡಿರಲಿಲ್ಲ. ಕೌಂಟರಿನವನು ನೋಡಿರಲಿಲ್ಲ, ಮೊಹರು ಹಾಕಿದವರು ನೋಡಿರಲಿಲ್ಲ. ಮಧ್ಯಾಹ್ನ ಠಾಣೆಗೆ ಬಂದ ದಂಡಪಾಣಿಯೂ ನೋಡಿರಲಿಲ್ಲ. ಪೇಟೆಯ ಅರ್ಧ ಬೆಲೆಗೆ ಮನೆ ಸಿಕ್ಕಿದ ಸಂತೋಷದಲ್ಲಿ ಅವನಿಗೆ ಬೇರೇನೂ ಕಂಡಿರಲಿಲ್ಲ.

"ಒಳಗೆ ಇದ್ದವರು ಯಾರು ಅಂತ ಕೇಳಿದೆಯಾ?"

"ಬಾಡಿಗೆಯವರು ಅಂದ ಸಾರ್. ಟ್ಯೂಷನ್ ಬೋರ್ಡೂ ಇತ್ತಲ್ಲ."

ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡವನನ್ನು ಬೆಂಚಿನ ಮೇಲೆ ಬಿಟ್ಟು ದೊರೈಸಾಮಿ ಫೋಟೋ ಹಿಡಿದುಕೊಂಡು ಓಣಿಗೆ ಹೋದರು. ವಾರಿಜಾಕ್ಷಿ ಕನ್ನಡಕ ಹಾಕಿಕೊಂಡರು.

"ಅಯ್ಯೋ, ಇವನು ನಮ್ಮ ಗುಂಡು! ತೀರಿಹೋದ ಅಣ್ಣನ ಮಗ. ಪೊಳ್ಳಾಚಿಲಿ ಇದಾನೆ."

"ಗುಂಡು ಮನೆಯಲ್ಲಿ ಕರೆಯುವ ಹೆಸರು. ಇಟ್ಟ ಹೆಸರೇನು?"

ಆಕೆ ಬಾಯಿ ತೆರೆದರು. ಹೆಸರು ತಕ್ಷಣ ಬರಲಿಲ್ಲ. ಬಂದಾಗ ಕುರ್ಚಿ ಹಿಡಿದು ಕೂತುಬಿಟ್ಟರು.

"ಮೊಮ್ಮಗನಿಗೆ ತಾತನ ಪೇರು ತಾನೆ ಇಡೋದು ಸಾರ್. ಅಪ್ಪನ ಅಪ್ಪ ಅಕ್ಷೋಭ್ಯ, ನಮ್ಮಣ್ಣನೂ ಅಕ್ಷೋಭ್ಯ. ಇವನೂ... ಇವನೂ ವ್ಯಾಸರಾಯನೇ. ಆದ್ರೆ ಮಾವನ ಪೇರು ಸೊಸೆ ಬಾಯಲ್ಲಿ ಬರಕೂಡದಲ್ವಾ? ಅತ್ತಿಗೆ ಗುಂಡು ಅಂತ ಕರೆದ್ರು, ನಾವೂ ಹಾಗೇ ಕರೆದ್ವಿ. ಮರೆತೇ ಹೋಗಿತ್ತು ಸಾರ್."

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಈ ಮನೆಯವರಿಗೆ ಬೇಕಾಗಿತ್ತು, ಅದನ್ನು ಸರ್ಕಾರಿ ಖರ್ಚಿನಲ್ಲಿ ಪೊಲೀಸರು ಹಿಡಿಯಬೇಕಾಗಿತ್ತು. ದೇವರಮನೆಯ ಬೀರು ತೆರೆಸಿ ಪಂಚನಾಮೆ ಮಾಡಿದರು. ಪತ್ರಗಳ ಕಟ್ಟಿನಲ್ಲಿ 1961ರದು ಇರಲಿಲ್ಲ. ಹೋದ ವರ್ಷ ತಾತನ ಶ್ರಾದ್ಧಕ್ಕೆ ಬಂದಿದ್ದ ಗುಂಡುವಿನ ಕೈಗೆ, ತೆರಿಗೆಗೆ ಜೆರಾಕ್ಸ್ ಬೇಕೆಂದು, ಇಡೀ ಕಟ್ಟನ್ನು ಕೊಟ್ಟು ಕಳಿಸಿದವರು ವಾರಿಜಾಕ್ಷಿಯೇ.

ಫೆಬ್ರವರಿ ಹದಿನಾಲ್ಕರ ಬೆಳಿಗ್ಗೆ ಏಳಕ್ಕೆ ಪೊಳ್ಳಾಚಿಯ ಬಾಡಿಗೆ ಮನೆಯಲ್ಲಿ ಅವನನ್ನು ಹಿಡಿದರು. ತೆಂಗಿನ ನಾರಿನ ಕಾರ್ಖಾನೆಯಲ್ಲಿ ಗುಮಾಸ್ತ, ಮದುವೆಯಿಲ್ಲ. ಬಾಗಿಲಿಗೆ ಹೊಸ ಹಿತ್ತಾಳೆ ಫಲಕ: ಎ. ವ್ಯಾಸರಾಯ. ಕೊಂಡವನಿಗೂ ಕೊಡದೆ ಇಟ್ಟುಕೊಂಡಿದ್ದ ಮೂಲಪತ್ರ ದಿಂಬಿನ ಕೆಳಗೇ ಸಿಕ್ಕಿತು. ಕಳ್ಳತನಕ್ಕೂ ಒಂದಿಷ್ಟು ಬುದ್ಧಿ ಬೇಕು, ಇವನಿಗೆ ಅದೂ ಇಲ್ಲ ಎಂದು ದೊರೈಸಾಮಿಗೆ ಹೇಸಿಗೆಯಾಯಿತು.

ಠಾಣೆಯಲ್ಲಿ ಕೇಳಿದರು. "ನಿಮ್ಮಪ್ಪನ ಅರ್ಧ ಪಾಲು ನಿಂದೇ. ಕೇಳಿದ್ರೆ ಬರ್ತಿತ್ತು. ಅತ್ತೆಯನ್ನ ಬೀದಿಗೆ ಹಾಕೋಕೆ ಹೊರಟೆಯಲ್ಲೋ, ನಾಚಿಕೆ ಆಗಲಿಲ್ವಾ?"

"ಕೇಳಿದೆ ಸಾರ್. 'ನಿನಗ್ಯಾಕೋ ಅದೆಲ್ಲ ಗುಂಡು, ಮೊದಲು ಊಟ ಮಾಡು' ಅಂದ್ರು ಅತ್ತೆ. ಇನ್ನೊಂದು ಸಲ ಕೇಳಿದಾಗ್ಲೂ ಅದೇ."

"ಅದಕ್ಕೆ?"

"ಪತ್ರ ಬರೆಯೋನು 'ವ್ಯಾಸರಾಯ ಸಾರ್, ಉಕ್ಕಾರುಂಗ' ಅಂದ. ಕುರ್ಚಿ ಒರೆಸಿ ಕೊಟ್ಟ. ಅವತ್ತಿನ ತನಕ ಯಾರೂ ಹಾಗೆ ಕರೆದಿಲ್ಲ ಸಾರ್."

ಐವತ್ತರ ಗಂಡಸು, ಹೆಸರು ಕರೆಯಲಿಲ್ಲವೆಂದು ಮುನಿಸಿಕೊಂಡು ಮನೆ ಮಾರಿದ್ದಾನೆ. ದೊರೈಸಾಮಿಗೆ ನಗು ಬರಬೇಕಿತ್ತು, ಬರಲಿಲ್ಲ.

ಬಂಧನದ ಸುದ್ದಿಯನ್ನು ಹತ್ತಿರದ ಸಂಬಂಧಿಗೆ ತಿಳಿಸಬೇಕು. ಇವನಿಗೆ ಉಳಿದಿದ್ದವರು ಒಬ್ಬರೇ. ಚಂದ್ರಾ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲೆ ದೊರೈಸಾಮಿಯ ಮುಂದಿಟ್ಟಳು.

"ವಾರಿಜಾಕ್ಷಿ ಅಮ್ಮ, ಮನೆಗೆ ಯಾರೂ ಕೈ ಹಚ್ಚೋಹಾಗಿಲ್ಲ, ಕೋರ್ಟ್ ತಡೆ ಕೊಟ್ಟಿದೆ. ಕ್ರಯ ರದ್ದು ಮಾಡೋಕೆ ಜಿಲ್ಲಾ ರಿಜಿಸ್ಟ್ರಾರ್‌ಗೂ ಬರೆದಿದ್ದೀವಿ. ವ್ಯಾಸರಾಯನ್ನ ಅರೆಸ್ಟ್ ಮಾಡಿದ್ದೀವಿ."

ಆ ಕಡೆ ಆಕೆ ಅಳುತ್ತಿರುವುದು ಕೇಳಿಸಿತು. ಆಮೇಲೆ ಮಾತು ಬಂತು.

"ಹಾಗನ್ನಬೇಡಿ ಸಾರ್, ಅದು ನಮ್ಮಪ್ಪನ ಪೇರು. ಗುಂಡುನ ಹಿಡಿದಿದೀವಿ ಅನ್ನಿ."

ಬೆಂಚಿನ ಮೇಲಿದ್ದವನು ತಲೆಯೆತ್ತಿ ದೊರೈಸಾಮಿಯ ಮುಖ ನೋಡಿದ.

"ಕೇಳಿಸ್ಕೊಂಡ್ರಾ ಸಾರ್?" ಎಂದ.